ವಿವಾಹದ ಚಿತ್ರಣವೂ ಸಾಕ್ಷಿಧರ್ಮವೂ

ಗೃಹಸ್ಥಾಶ್ರಮಕ್ಕೆ ವಿವಾಹವೇ ಹೆಬ್ಬಾಗಿಲು. ಆ ಹೆಬ್ಬಾಗಿಲಲ್ಲಿ ಹಿಂದೆ ಮೊದಲು ಕಾಣಿಸುತ್ತಿದ್ದವರು ಗುರುಗಳು, ಹಿರಿಯರು, ವಾದ್ಯದವರು. ಈಗಲಾದರೋ ಅವರೆಲ್ಲರಿಗಿಂತ ಮುಂಚಿತವಾಗಿ ಬಂದು, ದೀಪಗಳನ್ನು ನಿಲ್ಲಿಸಿ, ತಂತಿಗಳನ್ನು ಹಾಸಿ, ಮಂಟಪದ ಎದುರಿಗೆ ಕ್ಯಾಮೆರಾ ಹೂಡುವವರು ವಿಡಿಯೋದವರು. ಲಗ್ನಪತ್ರಿಕೆಯನ್ನು ಹಿಡಿದು ಮಠಕ್ಕೆ ಬರುವ ಗೃಹಸ್ಥರು ಇತ್ತೀಚೆಗೆ ಮುಹೂರ್ತದ ವಿಷಯದೊಡನೆ ಮತ್ತೊಂದು ಪ್ರಶ್ನೆಯನ್ನೂ ಕೇಳತೊಡಗಿದ್ದಾರೆ. “ಈ ವಿಡಿಯೋಕ್ಕೆಂದು ಇಷ್ಟು ಹಣ ಕೊಡುವುದು ಯೋಗ್ಯವೆ? ಇದು ಬರಿಯ ಆಡಂಬರವೋ, ಅಥವಾ ಇದರಲ್ಲಿ ಏನಾದರೂ ಸಾರವುಂಟೋ?” ಪ್ರಶ್ನೆಯು ಸಣ್ಣದೆಂದು ತೋರಿದರೂ ಅದರೊಳಗೆ ಸ್ಮರಣೆ, ಸತ್ಯ, ಕಾಯಕ, ಮಿತವ್ಯಯ ಎಂಬ ದೊಡ್ಡ ವಿಷಯಗಳು ಅಡಗಿರುವುದರಿಂದ, ವಾಚಕರ ಮುಂದೆ ಅದನ್ನು ಕ್ರಮವಾಗಿ ವಿಚಾರಮಾಡಬೇಕೆನಿಸಿತು.

ಶಾಸ್ತ್ರವಿಚಾರದಲ್ಲಿ ಮೊದಲು ಪೂರ್ವಪಕ್ಷವನ್ನು ಹೇಳುವುದು ಪದ್ಧತಿ. ವಿಡಿಯೋ ಬೇಡವೆನ್ನುವವರ ಆಕ್ಷೇಪಣೆಗಳು ನಾಲ್ಕು. ಒಂದನೆಯದು, ವಿವಾಹವು ಅಂತರಂಗದ ಸಂಸ್ಕಾರ. ಅದನ್ನು ಬಹಿರಂಗದ ಯಂತ್ರವು ಹಿಡಿಯಲಾರದು. ಎರಡನೆಯದು, ಎಲ್ಲರ ಕೈಯಲ್ಲಿಯೂ ಮೊಬೈಲ್ ಇರುವಾಗ ಅದಕ್ಕೆಂದೇ ಬೇರೊಬ್ಬನನ್ನು ಹಣಕೊಟ್ಟು ಕರೆಸುವುದು ವ್ಯರ್ಥ. ಮೂರನೆಯದು, ಇದರಿಂದ ಖರ್ಚು ಹೆಚ್ಚಿ, ಇಲ್ಲದವನೂ ಇರುವವನಂತೆ ತೋರಿಸಿಕೊಳ್ಳಲು ಸಾಲಮಾಡುವನು. ನಾಲ್ಕನೆಯದು, ತೆಗೆದದ್ದನ್ನು ಮತ್ತೆ ಕುಳಿತು ನೋಡುವವರು ಯಾರು? ಈ ನಾಲ್ಕೂ ಮಾತುಗಳು ನಿಸ್ಸಾರವಾದುವಲ್ಲ. ಒಂದು ಕಾಲದಲ್ಲಿ ಇವನ್ನೆಲ್ಲ ನಾನೇ ಆಡಿದವನು. ಆದುದರಿಂದ ಮೊದಲು ನನ್ನ ತಪ್ಪನ್ನು ನಿವೇದಿಸಿಕೊಂಡು ಮುಂದುವರಿಯುವುದು ಉಚಿತ.

ನನ್ನ ಹಿರಿಯ ಮಗಳ ವಿವಾಹವು 2016ರಲ್ಲಿ ನಮ್ಮ ಊರಿನಲ್ಲಿಯೇ ನಡೆಯಿತು. “ವಿಡಿಯೋ ಬೇಡ, ಗುರುಹಿರಿಯರ ಕಣ್ಣುಗಳೇ ಸಾಕು” ಎಂದು ನಾನು ಹಠಹಿಡಿದೆ. ಮನೆಯವರು ಮರುಮಾತಾಡಲಿಲ್ಲ. ಆಗ ನನ್ನ ತಾಯಿಯವರಿಗೆ ಎಂಬತ್ತು ದಾಟಿತ್ತು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆಗಳನ್ನಿಟ್ಟು, ನೂಲು ಸುತ್ತಿ, ಮದುಮಕ್ಕಳಿಗೆ ಸುರಗಿಯ ನೀರನ್ನು ಎರೆಯುವಾಗ, ಅವರು ಗೋಡೆಗೆ ಒರಗಿ ಕುಳಿತು ತಮ್ಮ ಅತ್ತೆಯಿಂದ ಕಲಿತ ಸೋಬಾನೆಯ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಐದು ವರ್ಷಗಳ ಮೇಲೆ ಕಿರಿಯ ಮಗಳ ವಿವಾಹ ಬಂದಿತು. ಸುರಗಿಯ ಹೊತ್ತಿಗೆ ಹೆಂಗಸರು ಅದೇ ಹಾಡನ್ನು ಎತ್ತಿಕೊಂಡರು. ಎರಡು ನುಡಿಯಾಗುವಷ್ಟರಲ್ಲಿ ನಿಂತುಹೋಯಿತು. ಮುಂದಿನದು ಯಾರಿಗೂ ಬಾರದು. ಹಿರಿಯ ಮಗಳು ನನ್ನ ಕಡೆಗೆ ತಿರುಗಿ, “ಅಪ್ಪಾ, ಆಯಿ ಹಾಡಿದ್ದನ್ನ ಅವತ್ತು ಹಿಡಿದಿಟ್ಟಿದ್ದರ ಆಗ್ತಿತ್ತಲ್ಲ” ಎಂದಳು. ಅವಳ ಮಾತಿನಲ್ಲಿ ನಿಷ್ಠುರವಿರಲಿಲ್ಲ. ಆದರೂ ಮೂವತ್ತು ವರ್ಷ ಪಾಠ ಹೇಳಿದ ಬಾಯಿಗೆ ಉತ್ತರವು ದೊರೆಯಲಿಲ್ಲ.

ಆಮೇಲೆ ಬಂಧುಗಳ ಮೊಬೈಲುಗಳಲ್ಲಿ ಹುಡುಕಿಸಿದೆವು. ಒಬ್ಬರಲ್ಲಿ ಹನ್ನೊಂದು ಸೆಕೆಂಡುಗಳಷ್ಟು ಸಿಕ್ಕಿತು. ಅದರಲ್ಲಿ ತಾಯಿಯವರ ತುಟಿಗಳು ಅಲುಗುತ್ತಿವೆ. ಕೇಳಿಸುವುದು ಮಾತ್ರ ಹೊರಗಿನ ಬ್ಯಾಂಡಿನ ಸದ್ದು, ಹತ್ತಿರದಲ್ಲಿದ್ದ ಕೂಸಿನ ಅಳು. ಮತ್ತೊಬ್ಬರು ತೆಗೆದಿದ್ದರಂತೆ, ಅವರ ಮೊಬೈಲು ನೀರಿಗೆ ಬಿದ್ದು ಹಾಳಾಗಿತ್ತು. ನನ್ನ ವೈರಾಗ್ಯದ ಹಠವು ನನ್ನದೊಂದೇ ವಸ್ತುವನ್ನು ಕಳೆಯಲಿಲ್ಲ. ಮಕ್ಕಳಿಗೆ, ಮೊಮ್ಮಕ್ಕಳಿಗೆ ಸಲ್ಲತಕ್ಕದ್ದನ್ನು ಕಳೆಯಿತು.

ಇನ್ನು ಸಿದ್ಧಾಂತಕ್ಕೆ ಬರೋಣ. ಮೊದಲನೆಯ ಆಕ್ಷೇಪಣೆಯು ವಿವಾಹದ ಸ್ವರೂಪವನ್ನು ಕುರಿತದ್ದು. ವಿವಾಹವು ಅಂತರಂಗದ ಸಂಸ್ಕಾರವೆಂಬುದು ನಿಜ. ಆದರೆ ಅದು ಏಕಾಂತದಲ್ಲಿ ಆಗತಕ್ಕದ್ದಲ್ಲ. ಸಾಕ್ಷಿಯನ್ನು ಬಯಸುವ ಸಂಸ್ಕಾರವದು. ವೈದಿಕ ಪದ್ಧತಿಯಲ್ಲಿ ಅಗ್ನಿಯು ಸಾಕ್ಷಿ. ನಮ್ಮಲ್ಲಿ ಪಂಚಕಲಶಗಳ ಎದುರಿನಲ್ಲಿ ಗುರುವೂ ನೆರೆದ ಶರಣಸಮೂಹವೂ ಸಾಕ್ಷಿ. ಅಕ್ಕಿಕಾಳು ಹಾಕುವುದೆಂದರೆ “ನಾವು ಕಂಡೆವು, ನಾವು ಹರಸಿದೆವು” ಎಂದು ಕೈಯಿಂದ ರುಜು ಹಾಕಿದಂತೆಯೇ ಸರಿ. ಪಾಣಿನಿಯು ಸಾಕ್ಷಿ ಎಂಬ ಶಬ್ದವನ್ನು ತಾನೇ ಕಣ್ಣಾರೆ ಕಂಡವನು ಎಂಬ ಅರ್ಥದಲ್ಲಿ ಸಾಧಿಸಿದ್ದಾನೆ. ಕೇಳಿ ಹೇಳುವವನೂ ಸಾಕ್ಷಿಯಲ್ಲ. ಊಹಿಸಿ ಹೇಳುವವನೂ ಅಲ್ಲ. ಹೀಗಿರಲು, ಕಂಡದ್ದನ್ನು ಕಂಡಂತೆಯೇ ಹಿಡಿದಿಡುವ ಚಿತ್ರವು ಸಾಕ್ಷಿಗಳ ಸಾಲಿನಲ್ಲಿ ಕೊನೆಗೆ ಬಂದು ಕುಳಿತ ಮತ್ತೊಂದು ಸಾಕ್ಷಿಯೇ ಆಗಿರುವುದು. ಅಂತರಂಗವನ್ನು ಅದು ಹಿಡಿಯಲಾರದು. ಹಿಡಿಯುವೆನೆಂದು ಹೇಳುವುದೂ ಇಲ್ಲ.

ಕರ್ನಾಟಕದಲ್ಲಿ ವಿವಾಹಗಳ ನೋಂದಣಿಗೆ 1976ರ ಅಧಿನಿಯಮವಿದೆ. ಎಲ್ಲ ವಿವಾಹಗಳೂ ನೋಂದಣಿಯಾಗತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ನಿರ್ದೇಶಿಸಿತು. ಆ ಪತ್ರವು ವಿವಾಹವಾಯಿತೆಂಬುದನ್ನು ಹೇಳುವುದು. ಹೇಗಾಯಿತು, ಯಾರು ಬಂದಿದ್ದರು, ಧಾರೆಯೆರೆಯುವಾಗ ತಂದೆಯ ಕೈ ಹೇಗೆ ನಡುಗಿತು ಎಂಬುದನ್ನು ಹೇಳದು. ಛಾಯಾಚಿತ್ರವು ಮುಖವನ್ನು ಉಳಿಸುವುದು; ನಡಿಗೆಯನ್ನೂ ದನಿಯನ್ನೂ ಉಳಿಸದು. ಸೆಕೆಂಡಿಗೆ 25 ಚಿತ್ರಗಳಂತೆ ಓಡುವ ಈ ವಿಡಿಯೋ ಮಾತ್ರ ನಡಿಗೆಯನ್ನೂ ದನಿಯನ್ನೂ ಕೂಡಿಯೇ ಉಳಿಸುವುದು. ಅಗಲಿದವರ ಮುಖವು ಭಾವಚಿತ್ರದಲ್ಲಿ ಗೋಡೆಯ ಮೇಲಿರುತ್ತದೆ. ದನಿಯಾದರೋ ನೆನಪಿನಿಂದ ಬಲುಬೇಗ ಜಾರಿಹೋಗುವುದೆಂಬುದನ್ನು ತಂದೆತಾಯಿಯರನ್ನು ಕಳೆದುಕೊಂಡವರೆಲ್ಲ ಬಲ್ಲರು.

ಹಿಡಿದಿಡುವ ಕಾರ್ಯವು ನಮ್ಮ ಪರಂಪರೆಗೆ ಹೊಸದೂ ಅಲ್ಲ. ಕಲ್ಯಾಣದಲ್ಲಿ ಶರಣರ ಮಾತುಗಳು ಮೂಡಿದಾಗ, ಅವುಗಳನ್ನು ಕಾಯ್ದಿಡುವ ಕಾಯಕವನ್ನು ಹೊತ್ತವನು ಶಾಂತರಸನೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆತನಿಗೆ ವಚನಭಂಡಾರಿಯೆಂದೇ ಹೆಸರು. ನಂತರ ಎಷ್ಟೋ ಶತಮಾನಗಳು ಹೆಸರರಿಯದ ಲಿಪಿಕಾರರು ಓಲೆಗರಿಗಳ ಮೇಲೆ ಅವನ್ನು ಪ್ರತಿಮಾಡಿದರು. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಆ ಓಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸದಿದ್ದರೆ, ನಮ್ಮಲ್ಲಿ ಅನೇಕರಿಗೆ ಆ ಮಾತುಗಳ ಪರಿಚಯವೇ ಆಗುತ್ತಿರಲಿಲ್ಲ. ಅನುಭಾವವು ಓಲೆಯಲ್ಲಿಲ್ಲ, ನಿಜ. ಆದರೆ ಓಲೆಯಿಲ್ಲದಿದ್ದರೆ ಅನುಭಾವದ ದಾರಿಯು ನಮಗೆ ತೋರುತ್ತಿರಲಿಲ್ಲ. ಕುರುಹು ಅರಿವಲ್ಲ, ಆದರೂ ಅರಿವಿಗೆ ಕುರುಹು ಬೇಕು.

ಇಲ್ಲಿ ಒಬ್ಬರು ಹೇಳಬಹುದು: “ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಕಲ್ಯಾಣದಲ್ಲಿ ನಡೆದ ವಿವಾಹದ ಚಿತ್ರವನ್ನು ಯಾರು ತೆಗೆದರು? ಎಂಟು ಶತಮಾನಗಳಾದರೂ ನಾಡು ಅದನ್ನು ಮರೆತಿಲ್ಲವಲ್ಲ!” ಈ ಮಾತು ಸತ್ಯ, ಮತ್ತು ಎಚ್ಚರಿಕೆಯಾಗಿ ಇಟ್ಟುಕೊಳ್ಳತಕ್ಕದ್ದು. ಆ ವಿವಾಹವು ಉಳಿದದ್ದು ಚಿತ್ರದಿಂದಲ್ಲ. ಅದಕ್ಕಾಗಿ ಎರಡು ಮನೆಗಳವರು ಪ್ರಾಣವನ್ನೇ ತೆತ್ತುದರಿಂದ. ನಡೆಯು ದೊಡ್ಡದಾದರೆ ನಾಡೇ ನೆನಪಿಡುವುದು. ಸಾಮಾನ್ಯ ಗೃಹಸ್ಥರಾದ ನಮ್ಮ ವಿವಾಹಗಳನ್ನು ನಾಡು ನೆನೆಯಬೇಕಾಗಿಲ್ಲ. ನಮ್ಮ ಮಕ್ಕಳು ನೆನೆದರೆ ಸಾಕು. ಚಿತ್ರವು ಅವರಿಗಾಗಿ. ಆದರೆ ನಡೆಯಿಲ್ಲದ ಮನೆಯ ವಿವಾಹವನ್ನು ಹತ್ತು ಕ್ಯಾಮೆರಾಗಳು ಸುತ್ತುವರಿದರೂ ಅದರಲ್ಲಿ ನೆನೆಯತಕ್ಕದ್ದು ಏನೂ ಇರದು.

ಎರಡನೆಯ ಆಕ್ಷೇಪಣೆ ಮೊಬೈಲಿನದು. ಕೈಯಲ್ಲಿ ಯಂತ್ರವಿರುವುದು ಬೇರೆ, ಅದರ ಕಾಯಕವನ್ನು ಬಲ್ಲವನಾಗುವುದು ಬೇರೆ. ನುರಿತ ಚಿತ್ರಗಾರನು ಹಿಂದಿನ ದಿನವೇ ಬಂದು ಬೆಳಕು ಯಾವ ಕಡೆಯಿಂದ ಬೀಳುವುದೆಂದು ನೋಡುವನು. ಶಾಸ್ತ್ರಗಳ ಕ್ರಮವನ್ನು ಕೇಳಿ ತಿಳಿಯುವನು. ಮಾಂಗಲ್ಯಧಾರಣೆಯ ಹೊತ್ತಿಗೆ ತಾನು ಎಲ್ಲಿ ನಿಂತರೆ ಹಿರಿಯರ ಕಣ್ಣಿಗೆ ಅಡ್ಡವಾಗದೆಂದು ಮೊದಲೇ ನಿಶ್ಚಯಿಸುವನು. ಒಂದು ಕ್ಯಾಮೆರಾವನ್ನು ಕಾಲುಗಂಬದ ಮೇಲೆ ಅಲುಗದಂತೆ ನಿಲ್ಲಿಸಿ, ಮತ್ತೊಂದನ್ನು ಕೈಯಲ್ಲಿ ಹಿಡಿಯುವನು. ಒಂದು ಕಾರ್ಡು ಕೆಟ್ಟರೆ ಇನ್ನೊಂದರಲ್ಲಿ ಇರಲೆಂದು ಏಕಕಾಲಕ್ಕೆ ಎರಡರಲ್ಲಿ ದಾಖಲಿಸುವನು. ದನಿಗೆಂದು ಸಣ್ಣ ಮೈಕನ್ನು ಮಂತ್ರ ಹೇಳುವವರ ಬಳಿ, ಹಾಡುವವರ ಬಳಿ ಇಡುವನು. ತಾಯಿಯವರ ಹಾಡು ನಮಗೆ ತಪ್ಪಿಹೋದದ್ದು ಈ ಸಣ್ಣ ಮೈಕಿನ ಅಭಾವದಿಂದ. ವಿವಾಹದ ಕ್ಷಣಗಳು ಮತ್ತೆ ಬರುವುದಿಲ್ಲವಾದುದರಿಂದ, ಅವನ ಕೆಲಸದಲ್ಲಿ ಒಮ್ಮೆ ತಪ್ಪಿದ್ದಕ್ಕೆ ತಿದ್ದುಪಡಿಯಿಲ್ಲ. ಎಲ್ಲ ಮುಗಿದು ಬಂಧುಗಳು ಮನೆಗೆ ಹೋದಮೇಲೆ, ಗಂಟೆಗಟ್ಟಲೆಯಾದ ಚಿತ್ರವನ್ನು ದಿನಗಟ್ಟಲೆ ಕುಳಿತು ಹೊಂದಿಸುವ ಕೆಲಸವು ಅವನಿಗೆ ಪ್ರಾರಂಭವಾಗುವುದು. ಮಾಚಯ್ಯನು ಬಟ್ಟೆಯನ್ನು, ಚೌಡಯ್ಯನು ದೋಣಿಯನ್ನು, ಚಂದಯ್ಯನು ಹಗ್ಗವನ್ನು ಹಿಡಿದಂತೆ ಇವನು ಕ್ಯಾಮೆರಾವನ್ನು ಹಿಡಿದಿದ್ದಾನೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿದ ನಾವು ಇದೊಂದನ್ನು ಹಗುರವಾಗಿ ನೋಡಲು ಕಾರಣವಿಲ್ಲ.

ಇದಕ್ಕಿಂತಲೂ ಮುಖ್ಯವಾದ ಮಾತೊಂದುಂಟು. ಮೊಬೈಲಿನಿಂದ ತೆಗೆಯುವ ಬಂಧುವು ವಿವಾಹಕ್ಕೆ ಬಂದೂ ಬಾರದವನಾಗುವನು. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆಯು ವಸ್ತುಸಂಗ್ರಹಾಲಯವೊಂದರಲ್ಲಿ ಪರೀಕ್ಷೆ ನಡೆಸಿ 2014ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ವಸ್ತುಗಳ ಚಿತ್ರ ತೆಗೆಯುತ್ತ ಸಾಗಿದವರಿಗಿಂತ ಸುಮ್ಮನೆ ಕಣ್ಣಿಂದ ನೋಡಿದವರಿಗೆ ಅವುಗಳ ನೆನಪು ಹೆಚ್ಚಾಗಿತ್ತೆಂದು ಕಂಡುಬಂದಿತು. ತನಗೆ ಬದಲು ಯಂತ್ರವು ನೆನಪಿಡುವುದೆಂಬ ಭರವಸೆಯು ಮನಸ್ಸನ್ನು ಸೋಮಾರಿಯಾಗಿ ಮಾಡುವುದು. ನಮ್ಮ ಮಂಟಪಗಳಲ್ಲಿಯೂ ಇದನ್ನೇ ಕಾಣುತ್ತೇವೆ. ಮಂಗಳವಾದ್ಯ ಮೊಳಗುವಾಗ ಅಕ್ಕಿಕಾಳು ಇರತಕ್ಕ ಕೈಗಳಲ್ಲಿ ಮೊಬೈಲುಗಳಿರುತ್ತವೆ. ಹರಸತಕ್ಕ ಸೋದರಮಾವನು ಗಾಜಿನ ಚೌಕದೊಳಗೆ ಸೊಸೆಯನ್ನು ಹುಡುಕುತ್ತಿರುತ್ತಾನೆ. ತಿಳಿದ ಒಬ್ಬನಿಗೆ ಚಿತ್ರಣದ ಹೊಣೆಯನ್ನು ಒಪ್ಪಿಸಿದರೆ ಉಳಿದವರೆಲ್ಲರೂ ಆ ಹೊಣೆಯಿಂದ ಬಿಡುಗಡೆ ಹೊಂದಿ, ಕಣ್ತುಂಬ ನೋಡಿ, ಕೈತುಂಬ ಹರಸಬಹುದು. ನುರಿತ ಚಿತ್ರಗಾರನು ಮನೆಯವರಿಗೆ ಕೊಡುವ ಮೊದಲನೆಯ ದಾನ ಈ ಬಿಡುವು, ಚಿತ್ರವು ಎರಡನೆಯದು.

ಬರಲಾರದವರ ವಿಷಯವೂ ಉಂಟು. 2020ರಲ್ಲಿ ಕೊರೋನಾ ವ್ಯಾಧಿಯು ಹಬ್ಬಿ, ವಿವಾಹಕ್ಕೆ 50 ಮಂದಿಗಿಂತ ಹೆಚ್ಚು ಸೇರಕೂಡದೆಂದು ಸರಕಾರವು ಕಟ್ಟಳೆ ಮಾಡಿದಾಗ, ಎಷ್ಟೋ ಮನೆಗಳ ಅಜ್ಜಂದಿರು, ಪರದೇಶದಲ್ಲಿದ್ದ ಒಡಹುಟ್ಟಿದವರು, ಮೊಬೈಲಿನ ಎದುರು ಕುಳಿತು ಅಲ್ಲಿಂದಲೇ ಅಕ್ಕಿಕಾಳು ಹಾಕಿದರು. ಅಂದು ಅದನ್ನು ಆಡಂಬರವೆಂದು ಯಾರೂ ಅನ್ನಲಿಲ್ಲ.

ಇಷ್ಟನ್ನು ಹೇಳಿದಮೇಲೆ ಮೇರೆಯನ್ನೂ ಹೇಳಲೇಬೇಕು. ಚಿತ್ರಣದ ಬೆಲೆಯು ಸಾಕ್ಷಿಯ ಬೆಲೆಯಾದರೆ, ಸಾಕ್ಷಿಯ ಧರ್ಮವನ್ನು ಬಿಟ್ಟಾಗ ಆ ಬೆಲೆಯೂ ಹೋಗುವುದು. ಸಾಕ್ಷಿಯು ನೋಡುವವನೇ ಹೊರತು ನಡೆಸುವವನಲ್ಲ. ಕೆಲವು ವರ್ಷಗಳ ಕೆಳಗೆ ನಾನು ಹೋಗಿದ್ದ ಒಂದು ವಿವಾಹದಲ್ಲಿ, ವರನು ಮಾಂಗಲ್ಯವನ್ನು ಕಟ್ಟಿದೊಡನೆ ಚಿತ್ರಗಾರನು, “ಸ್ವಲ್ಪ ನಿಲ್ಲಿರಿ, ಹೂವು ಅಡ್ಡ ಬಂದಿತು, ಇನ್ನೊಮ್ಮೆ ಕಟ್ಟಿದಂತೆ ಮಾಡಿರಿ” ಎಂದನು. ಮಂತ್ರ ಹೇಳುತ್ತಿದ್ದ ಅಯ್ಯನವರು ಅರ್ಧಕ್ಕೆ ನಿಂತರು. ವರನು ಬಿಚ್ಚಿದಂತೆ ನಟಿಸಿ ಮತ್ತೆ ಕಟ್ಟಿದಂತೆ ನಟಿಸಿದನು. ವಧುವಿನ ಮುಖದಲ್ಲಿ ಆ ಕ್ಷಣಕ್ಕೆ ಉಕ್ಕಿಬಂದಿದ್ದ ಕಣ್ಣೀರು ಆರಿ, ಅದರ ಸ್ಥಳದಲ್ಲಿ ಕ್ಯಾಮೆರಾಕ್ಕೆ ಬೇಕಾದ ನಗೆಯು ಬಂದಿತು. ಇಂದು ಆ ಮನೆಯ ಚಿತ್ರದಲ್ಲಿರುವುದು ಅಭಿನಯ, ಆದದ್ದು ಅದರಲ್ಲಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳಬೇಕಾದ ಸಾಕ್ಷಿಯು ತನಗೆ ಬೇಕಾದದ್ದನ್ನು ಆಗಿಸಿ ಹೇಳಿದಂತಾಯಿತು.

ಇಂಥ ಚಿತ್ರವು ಮುಂದಿನವರನ್ನು ಹೇಗೆ ದಾರಿತಪ್ಪಿಸುವುದೆಂಬುದಕ್ಕೆ ಪರದೇಶದ ಒಂದು ನಿದರ್ಶನವನ್ನು ಕೊಡಬಹುದು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ವಿವಾಹವು 1840ರಲ್ಲಿ ಆಯಿತು. ಛಾಯಾಚಿತ್ರಕಲೆಯು ಲೋಕಕ್ಕೆ ಪ್ರಕಟವಾಗಿ ಆಗ ಒಂದೇ ವರ್ಷವಾಗಿತ್ತು. ವಿವಾಹದ ಛಾಯಾಚಿತ್ರವನ್ನು ಯಾರೂ ತೆಗೆದಿರಲಿಲ್ಲ. ಹದಿನಾಲ್ಕು ವರ್ಷಗಳಾದ ಮೇಲೆ, 1854ರಲ್ಲಿ, ರಾಣಿಯೂ ಆಕೆಯ ಪತಿಯೂ ಆಸ್ಥಾನದ ಉಡುಪಿನಲ್ಲಿ ರೋಜರ್ ಫೆಂಟನ್ ಎಂಬ ಚಿತ್ರಗಾರನ ಎದುರು ನಿಂತರು. ಅದೇ ವಿವಾಹದ ಚಿತ್ರವೆಂದು ಇಂದಿಗೂ ಎಷ್ಟೋ ಮಂದಿ ತಿಳಿದಿದ್ದಾರೆ. ಆ ದಂಪತಿಗಳಿಗೆ ಸತ್ಯವು ಗೊತ್ತಿತ್ತು. ನೋಡುವ ನಮಗೆ ಗೊತ್ತಾಗುವುದಿಲ್ಲ. ಚಿತ್ರವು ಸುಳ್ಳು ಹೇಳಿದರೆ ಅದನ್ನು ಅಡ್ಡಪ್ರಶ್ನೆ ಮಾಡಿ ಹಿಡಿಯುವವರು ಮುಂದಿನ ತಲೆಮಾರಿನಲ್ಲಿ ಉಳಿದಿರುವುದಿಲ್ಲ.

ಆದುದರಿಂದ ಗೃಹಸ್ಥನು ವಿಡಿಯೋದವರನ್ನು ನಿಶ್ಚಯಿಸುವಾಗಲೇ ಎರಡು ಮಾತುಗಳನ್ನು ಸ್ಪಷ್ಟವಾಗಿ ಹೇಳತಕ್ಕದ್ದು. ಯಾವ ಸಂಸ್ಕಾರವನ್ನೂ ಚಿತ್ರಕ್ಕಾಗಿ ನಿಲ್ಲಿಸಕೂಡದು, ಯಾವುದನ್ನೂ ಎರಡನೆಯ ಸಲ ಮಾಡಿಸಕೂಡದು. ತಪ್ಪಿದ್ದು ತಪ್ಪಿತು, ಅದೂ ಸತ್ಯವೇ. ಒಳ್ಳೆಯ ಚಿತ್ರಗಾರನು ಈ ಕಟ್ಟಳೆಗೆ ಬೇಸರಪಡುವುದಿಲ್ಲ. ಅವನ ಕುಶಲತೆಗೆ ಅದೇ ಒರೆಗಲ್ಲು.

ಮೂರನೆಯದು ಹಣದ ವಿಷಯ. ಇಲ್ಲಿ ಪೂರ್ವಪಕ್ಷದವರ ಭಯವು ಬಹುಮಟ್ಟಿಗೆ ಸಾಧುವಾದದ್ದು. ಆಕಾಶದಿಂದ ತೆಗೆಯಲು ಡ್ರೋನ್, ವಿವಾಹಕ್ಕೆ ಮುಂಚೆ ಬೆಟ್ಟದಲ್ಲಿಯೂ ಕಡಲ ದಂಡೆಯಲ್ಲಿಯೂ ವಧೂವರರನ್ನು ಓಡಾಡಿಸಿ ತೆಗೆಯುವ ಸಿನಿಮಾ ಮಾದರಿಯ ಚಿತ್ರ, ಮಂಟಪದ ಪಕ್ಕದಲ್ಲಿ ದೊಡ್ಡ ಪರದೆ, ಹೀಗೆ ಒಂದಕ್ಕೊಂದು ಸೇರಿ, ಹೊಲದ ಫಸಲು ಕೈಗೆ ಬರುವ ಮುನ್ನವೇ ಅದರ ಹಣವು ಹೋಗಿರುತ್ತದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನು ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದ ಕಥೆಯು ನಮ್ಮ ಮನೆಮನೆಗಳಲ್ಲಿ ಪ್ರಸಿದ್ಧವಾಗಿದೆ. ಅಳತೆಯು ಅದೇ. ಸಂಸ್ಕಾರವೂ, ಹಿರಿಯರ ಮುಖವೂ ದನಿಯೂ, ಬಂದವರ ಹರಕೆಯೂ ದಾಖಲಾಗಲು ಎಷ್ಟು ಬೇಕೋ ಅಷ್ಟು ಅಗತ್ಯ. ನೆರೆಯವನ ಮಗಳ ವಿವಾಹಕ್ಕಿಂತ ಮಿಗಿಲಾಗಿ ಕಾಣಲೆಂದು ಮಾಡಿದ್ದು ಹೆಚ್ಚಾದ ಅಕ್ಕಿ. ಸಾಲಮಾಡಿ ತೆಗೆಸಿದ ಚಿತ್ರವನ್ನು ನೋಡುವಾಗ ಮುಖಗಳ ಹಿಂದೆ ಬಡ್ಡಿಯೇ ಕಾಣುವುದು.

ಅಗತ್ಯವಾದಷ್ಟಕ್ಕೆ ಮಾತ್ರ ತಕ್ಕ ಬೆಲೆಯನ್ನು ಚೌಕಾಶಿಯಿಲ್ಲದೆ ಕೊಡಬೇಕು. ಊಟದ ಹೊತ್ತಿಗೆ ಅವರನ್ನೂ ಪಂಕ್ತಿಯಲ್ಲಿ ಕೂಡಿಸಬೇಕು. ಬೆಳಗಿನ ಜಾವದಿಂದ ನಿಂತೇ ಇರುವ ಆ ಹುಡುಗರು ಎಲ್ಲರ ಊಟವನ್ನೂ ಚಿತ್ರದಲ್ಲಿ ಹಿಡಿದು, ಕೊನೆಗೆ ಬರಿದಾದ ಪಾತ್ರೆಗಳ ಎದುರು ನಿಲ್ಲುವುದನ್ನು ನಾನು ಕಂಡಿದ್ದೇನೆ. ದಾಸೋಹದ ಮನೆಯಲ್ಲಿ ಇದು ಆಗತಕ್ಕದ್ದಲ್ಲ.

ನಾಲ್ಕನೆಯದು, ನೋಡುವವರು ಯಾರು ಎಂಬುದು. ನೋಡದಿದ್ದರೆ ತಪ್ಪು ಚಿತ್ರದ್ದಲ್ಲ. ಪುಸ್ತಕವನ್ನು ಕೊಂಡು ಓದದವನು ಪುಸ್ತಕವನ್ನು ದೂರುವುದುಂಟೆ? ಆದರೆ ಇಲ್ಲಿ ಕಾಪಾಡುವ ಕರ್ತವ್ಯವೂ ಸೇರಿದೆ. 1980ರ ದಶಕದಲ್ಲಿ ನಮ್ಮ ಕಡೆಗೆ ವಿಡಿಯೋ ಕ್ಯಾಸೆಟ್ಟುಗಳು ಬಂದಾಗ, ಶಾಶ್ವತವಾದದ್ದು ದೊರೆಯಿತೆಂದು ಜನರು ಹಿಗ್ಗಿದರು. ಆ ಕ್ಯಾಸೆಟ್ಟುಗಳ ಪಟ್ಟಿಗೆ ಬೂಷ್ಟು ಹಿಡಿಯಿತು. ವಿ.ಎಚ್.ಎಸ್. ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ಅದನ್ನು ನಿಲ್ಲಿಸಿತು. ಓಲೆಗರಿಯನ್ನು ಪ್ರತಿಮಾಡಿದಂತೆ ಇದನ್ನೂ ಕಾಲಕಾಲಕ್ಕೆ ಹೊಸ ಸಾಧನಕ್ಕೆ ಪ್ರತಿಮಾಡುತ್ತಿರಬೇಕು. ಒಂದು ಪ್ರತಿ ಮಗಳ ಮನೆಯಲ್ಲಿ, ಒಂದು ತವರಿನಲ್ಲಿ ಇರಬೇಕು. ವರ್ಷಕ್ಕೊಮ್ಮೆ ಆ ದಿನದಂದು ಮನೆಮಂದಿಯೆಲ್ಲ ಕೂಡಿ ನೋಡಬೇಕು. ಲೋಕಕ್ಕೆಲ್ಲ ತೋರಿಸುವ ಮುನ್ನ, ಅದರಲ್ಲಿರುವ ಹೆಣ್ಣುಮಕ್ಕಳು ಮತ್ತು ಬಂಧುಗಳು ಒಪ್ಪುವರೇ ಎಂದು ಕೇಳಬೇಕು. ಮನೆಯ ಸಾಕ್ಷಿಯನ್ನು ಸಂತೆಗೆ ಕಳುಹಿಸುವುದು ಮರ್ಯಾದೆಯಲ್ಲ.

ಕಿರಿಯ ಮಗಳ ವಿವಾಹಕ್ಕೆ ನಾನು ವಿಡಿಯೋದವನನ್ನು ಕರೆಸಿದ್ದೆನೆಂಬುದನ್ನು ಇನ್ನೂ ಹೇಳಲಿಲ್ಲ. ಅವನು ನಮ್ಮ ಮಠದ ಶಾಲೆಯಲ್ಲಿಯೇ ಓದಿದ ಹುಡುಗ, ವ್ಯಾಕರಣದಲ್ಲಿ ಹಿಂದಿದ್ದವನು. ಸುರಗಿಯ ಹಾಡು ನಿಂತುಹೋದದ್ದನ್ನು ಅವನು ಕ್ಯಾಮೆರಾದ ಹಿಂದಿನಿಂದ ಕಂಡಿದ್ದನು. ಊಟವಾದ ಮೇಲೆ, ಯಾರೂ ಹೇಳದೆ, ನನ್ನ ತಾಯಿಯವರ ತಂಗಿಯಾದ ಚಿಕ್ಕವ್ವನನ್ನು ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ಕೂಡಿಸಿ, ಬಾಗಿಲು ಮುಚ್ಚಿ, ಮೈಕನ್ನು ಹತ್ತಿರವಿಟ್ಟು, ಆಕೆಗೆ ನೆನಪಿದ್ದಷ್ಟನ್ನು ಹಾಡಿಸಿದನು. ಆಕೆ ತಡೆದು ತಡೆದು ನಾಲ್ಕು ನುಡಿಗಳನ್ನು ಹೇಳಿದಳು. ಉಳಿದ ನುಡಿಗಳು ತಾಯಿಯವರೊಡನೆಯೇ ಹೋದುವು. ಲೆಕ್ಕ ತೀರಿಸುವ ದಿನ ನಾನು ಒಪ್ಪಿದ್ದಕ್ಕಿಂತ ಹೆಚ್ಚು ಕೊಡಹೋದೆ. ಅವನು ಹೆಚ್ಚಿನದನ್ನು ಹಿಂದಕ್ಕೆ ಚಾಚಿ, “ಮಾತಾಡಿದಷ್ಟು ಸಾಕ್ರಿ, ಗುರುಗಳೆ” ಎಂದನು.

ಈಗ ನನ್ನ ಇಬ್ಬರು ಹೆಣ್ಣುಮಕ್ಕಳೂ ಆ ನಾಲ್ಕು ನುಡಿಗಳನ್ನು ಕಲಿತಿದ್ದಾರೆ. ಯಂತ್ರದಲ್ಲಿದ್ದದ್ದು ಕಂಠಕ್ಕೆ ಬಂದಿತು. ಕುರುಹು ಇರುವುದು ಇದಕ್ಕಾಗಿಯೇ. ವಿವಾಹದ ಮನೆಯವರು ತಮ್ಮ ಶಕ್ತಿಯೊಳಗೆ, ಸತ್ಯಕ್ಕೆ ಕುಂದುಬಾರದಂತೆ, ಬಲ್ಲವನ ಕೈಯಿಂದ ಚಿತ್ರವನ್ನು ತೆಗೆಸಲಿ. ತೆಗೆಸುವಾಗ ವಧೂವರರ ಕಡೆಗೆ ಇರುವ ಕ್ಯಾಮೆರಾವನ್ನು ಗೋಡೆಗೆ ಒರಗಿ ಕುಳಿತ ಹಿರಿಯರ ಕಡೆಗೂ ಒಮ್ಮೆ ತಿರುಗಿಸಲು ಹೇಳಲಿ. ಮದುಮಕ್ಕಳನ್ನು ಮುಂದೆಯೂ ನೋಡಬಹುದು; ಅವರನ್ನು ನೋಡುವ ಅವಕಾಶವು ಎಷ್ಟು ದಿನವೋ ಬಲ್ಲವರಿಲ್ಲ.